ಶಬ್ದಕ್ಷಯವೂ ನೇಕಾರನ ಕಿವಿಯೂ

ಹುಟ್ಟಿದ ಶಬ್ದವು ಹುಟ್ಟಿದ ಬಲದಲ್ಲಿಯೇ ಉಳಿಯದೆ, ಹೋಗಹೋಗುತ್ತ ಕುಗ್ಗಿ, ಕಡೆಗೆ ಇಲ್ಲವಾಗುವುದೆಂಬುದು ಪ್ರಕೃತಿಯು ಜೀವಿಗಳಿಗೆ ಮಾಡಿರುವ ಮಹೋಪಕಾರಗಳಲ್ಲಿ ಒಂದು. ಆ ನಿಯಮವಿಲ್ಲದಿದ್ದರೆ ಲೋಕದ ಗುಡುಗು, ಗದ್ದಲ, ಗರ್ಜನೆಗಳೆಲ್ಲವೂ ಎಲ್ಲರ ಕಿವಿಯ ಮೇಲೂ ಏಕಕಾಲದಲ್ಲಿ ಬಂದು ಬೀಳುತ್ತಿದ್ದವು. ಮಾತೆಂಬುದು ಹುಟ್ಟುವುದಕ್ಕೇ ಎಡೆಯಿರುತ್ತಿರಲಿಲ್ಲ. ಆದರೆ ಈ ಉಪಕಾರವು ನಮಗೆ ಲಭಿಸಬೇಕಾದರೆ ಎರಡರಲ್ಲಿ ಒಂದಾದರೂ ಇರಬೇಕು: ಶಬ್ದದ ಮೂಲಕ್ಕೂ ಕಿವಿಗೂ ನಡುವೆ ಸಾಕಷ್ಟು ಅಂತರ, ಇಲ್ಲವೆ ಆ ನಡುವೆ ಶಬ್ದದ ಶಕ್ತಿಯನ್ನು ತಡೆದು ಹೀರಿಕೊಳ್ಳಬಲ್ಲ ಪದಾರ್ಥ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರದಲ್ಲಿ, ವಿದ್ಯುತ್ ಮಗ್ಗವನ್ನು ಮನೆಯೊಳಗೇ ಹೂಡಿಕೊಂಡು ಬಾಳುತ್ತಿರುವ ನೇಕಾರ ಕುಟುಂಬಗಳಿಗೆ ಈ ಎರಡರಲ್ಲಿ ಒಂದೂ ಇಲ್ಲ. ಪ್ರಕೃತಿಯಿಂದ ಅವರಿಗೆ ದೊರೆಯದೆ ಹೋದ ಆ ರಕ್ಷಣೆಯನ್ನು ಸಮಾಜವೂ ಸರ್ಕಾರವೂ ಕೂಡಿ ಕಟ್ಟಿಕೊಡಬೇಕೆಂಬುದೂ, ಅದು ದುಸ್ಸಾಧ್ಯವಾದ ಕಾರ್ಯವಲ್ಲವೆಂಬುದೂ ಈ ಲೇಖನದ ಪ್ರತಿಪಾದನೆ.

ಶಬ್ದವು ಹೇಗೆ ಕ್ಷೀಣಿಸುತ್ತದೆಂಬುದನ್ನು ಮೊದಲು ನೋಡೋಣ; ಏಕೆಂದರೆ ಪರಿಹಾರದ ಮಾರ್ಗವೆಲ್ಲವೂ ಆ ತಿಳಿವಳಿಕೆಯಲ್ಲಿಯೇ ಅಡಗಿದೆ. ಕ್ಷಯಕ್ಕೆ ಮೊದಲನೆಯ ಕಾರಣ ಹರಡಿಕೆ. ಒಂದು ಸ್ಥಾನದಿಂದ ಹೊರಟ ಶಬ್ದತರಂಗವು ಬಯಲಿನಲ್ಲಿ ಸುತ್ತಲೂ ಗೋಳಾಕಾರವಾಗಿ ಹಬ್ಬುತ್ತದೆ. ಗೋಳವು ದೊಡ್ಡದಾದಂತೆಲ್ಲ ಅದೇ ಶಕ್ತಿಯು ಹೆಚ್ಚು ಹೆಚ್ಚು ವಿಸ್ತಾರಕ್ಕೆ ಹಂಚಿಹೋಗುತ್ತದೆ. ಒಂದು ಮಿಳ್ಳೆ ತುಪ್ಪವನ್ನು ನಾಲ್ಕು ಎಲೆಗಳಿಗೆ ಬಡಿಸುವಾಗ ಎಲೆಯೊಂದಕ್ಕೆ ಬೀಳುತ್ತಿದ್ದ ಪಾಲು, ಹದಿನಾರು ಎಲೆಗಳಿಗೆ ಬಡಿಸಬೇಕಾದಾಗ ಹೇಗೆ ನಾಲ್ಕರಲ್ಲೊಂದಾಗುವುದೋ, ಹಾಗೆಯೇ ದೂರವು ಇಮ್ಮಡಿಯಾದಾಗ ಕಿವಿಗೆ ಬೀಳುವ ಶಬ್ದಶಕ್ತಿಯು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ವಿಜ್ಞಾನಿಗಳು ಇದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಆ ಮಾನದಲ್ಲಿ 10 ಅಂಶ ಏರಿತೆಂದರೆ ಶಕ್ತಿಯು ಹತ್ತು ಪಟ್ಟಾಯಿತೆಂದೂ, 20 ಅಂಶ ಏರಿತೆಂದರೆ ನೂರು ಪಟ್ಟಾಯಿತೆಂದೂ ಅರ್ಥ. 3 ಅಂಶದ ಏರಿಕೆಯೆಂದರೆ ಶಕ್ತಿಯ ಇಮ್ಮಡಿ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಶಬ್ದವು 6 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಾಲ್ಕೈದು ಡೆಸಿಬೆಲ್ಲುಗಳ ಹೆಚ್ಚುಕಡಿಮೆಯೆಂಬುದು ಕಿವಿಯ ಪಾಲಿಗೆ ಅಲ್ಪ ವಿಷಯವಲ್ಲ.

ಎರಡನೆಯ ಕಾರಣ ಹೀರಿಕೆ. ತರಂಗವು ಹಾದುಹೋಗುವಾಗ ಪದಾರ್ಥದ ಕಣಗಳು ಒಂದರ ಮೇಲೊಂದು ಉಜ್ಜಿ, ಕಂಪನದ ಶಕ್ತಿಯು ಸ್ವಲ್ಪ ಸ್ವಲ್ಪವಾಗಿ ಶಾಖವಾಗಿ ಪರಿಣಮಿಸುತ್ತದೆ. ದ್ರವಾನಿಲಗಳ ಸ್ನಿಗ್ಧತೆಯಿಂದ ಆಗುವ ಈ ನಷ್ಟವನ್ನು ಗಣಿತಜ್ಞ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1845ರಲ್ಲಿ ಗಣಿತದಿಂದ ನಿರೂಪಿಸಿದನು. ಉಷ್ಣವಹನದಿಂದ ಆಗುವ ನಷ್ಟವನ್ನು ಭೌತವಿಜ್ಞಾನಿ ಕಿರ್ಖಾಫ್ 1868ರಲ್ಲಿ ಅದಕ್ಕೆ ಕೂಡಿಸಿದನು. ಅವರ ಗಣಿತದಿಂದ ಹೊರಪಟ್ಟ ಮುಖ್ಯ ತತ್ತ್ವವೇನೆಂದರೆ, ಕಂಪನಸಂಖ್ಯೆ ಹೆಚ್ಚಿದಂತೆಲ್ಲ ನಷ್ಟವು ಅದಕ್ಕಿಂತಲೂ ತೀವ್ರವಾಗಿ ಹೆಚ್ಚುವುದು. ಅಂದರೆ ಕೀರಲು ಸ್ವರಗಳು ಬೇಗ ಸಾಯುತ್ತವೆ, ಮಂದ್ರಸ್ವರಗಳು ದೂರ ಬಾಳುತ್ತವೆ. ಹತ್ತಿರ ಬಿದ್ದ ಸಿಡಿಲು ಪಟೀರೆಂದು ಸಿಡಿಯುವುದಕ್ಕೂ, ದೂರದ ಗುಡುಗು ಗುಡುಗುಡು ಎಂದು ಉರುಳುವುದಕ್ಕೂ ಇದೊಂದು ಮುಖ್ಯ ಕಾರಣ. ಮೂರನೆಯ ಕಾರಣ ಚದುರಿಕೆ: ದಾರಿಯಲ್ಲಿ ಭಿನ್ನ ಸ್ವಭಾವದ ಕಣವೋ ಗುಳ್ಳೆಯೋ ಬಿರುಕೋ ಎದುರಾದಾಗ ತರಂಗದ ಒಂದಂಶವು ನೆಟ್ಟಗೆ ಸಾಗದೆ ದಿಕ್ಕುದಿಕ್ಕಿಗೆ ಚೆದರಿಹೋಗುವುದು.

ಈ ಕಾರಣಗಳು ಒಂದೆಡೆ ಕೂಡಿ ಕೆಲಸಮಾಡುವುದನ್ನು ನೋಡಬೇಕಾದರೆ, ಧ್ರುವಪ್ರದೇಶದ ಸಮುದ್ರದ ಮೇಲೆ ಹೆಪ್ಪುಗಟ್ಟುವ ಹಿಮಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. ಸಿಹಿನೀರಿನ ಮಂಜುಗಡ್ಡೆಯಷ್ಟು ಅದು ಏಕರೂಪವಾದ ವಸ್ತುವಲ್ಲ. ಸಮುದ್ರಜಲವು ಗಟ್ಟಿಯಾಗುವಾಗ ಉಪ್ಪು ಹಿಮದ ಹರಳಿನೊಳಕ್ಕೆ ಸೇರಲಾರದೆ, ಹರಳುಗಳ ನಡುನಡುವೆ ಗಾಢವಾದ ಉಪ್ಪುನೀರಿನ ಸೂಕ್ಷ್ಮ ಕೋಶಗಳಾಗಿಯೂ ನಾಳಗಳಾಗಿಯೂ ಸೆರೆಸಿಕ್ಕುತ್ತದೆ. ಗಾಳಿಯ ಗುಳ್ಳೆಗಳೂ ಅಲ್ಲಲ್ಲಿ ಉಳಿಯುತ್ತವೆ. ತಳಭಾಗದಲ್ಲಿ ಇನ್ನೂ ಪೂರ್ತಿ ಗಟ್ಟಿಯಾಗದ ಎಳೆಯ ಪದರವೊಂದು ಇರುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಚಲಿಸುವ ಶಬ್ದವು ಗಟ್ಟಿಹಿಮದಲ್ಲಿ 3000 ಮೀಟರನ್ನೂ ಮೀರಿದ ವೇಗದಿಂದ ಓಡುವುದು ನಿಜ. ಆದರೆ ವೇಗ ಹೆಚ್ಚಿದ ಮಾತ್ರಕ್ಕೆ ಆಯುಸ್ಸು ಹೆಚ್ಚುವುದಿಲ್ಲ. ಹರಳು, ಕೋಶ, ಗುಳ್ಳೆಗಳು ತರಂಗವನ್ನು ಚೆದರಿಸುತ್ತವೆ, ಮೆದುವಾದ ತಳಪದರವು ಹೀರಿಕೊಳ್ಳುತ್ತದೆ. ಹಿಮವು ಬೆಚ್ಚಗಾದಂತೆಲ್ಲ ಉಪ್ಪುನೀರಿನ ಪಾಲು ಹೆಚ್ಚಿ ನಷ್ಟವೂ ಹೆಚ್ಚುತ್ತದೆ. ಹಿಮದ ಕೆಳಗಿನ ನೀರಿನಲ್ಲಿ ಸಾಗುವ ಶಬ್ದಕ್ಕೂ ಇದರಿಂದ ಬಿಡುಗಡೆಯಿಲ್ಲ. ಉತ್ತರಧ್ರುವ ಸಮುದ್ರದಲ್ಲಿ ಶಬ್ದವು ಮೇಲ್ಮುಖವಾಗಿ ಬಾಗುವುದರಿಂದ ಹಿಮದ ಉಬ್ಬುತಗ್ಗಿನ ತಳಕ್ಕೆ ಮರಳಿ ಮರಳಿ ಬಡಿದು, ಪ್ರತಿ ಬಡಿತದಲ್ಲಿಯೂ ತನ್ನ ತಾರಸ್ವರಗಳನ್ನು ಕಳೆದುಕೊಳ್ಳುತ್ತದೆ. ಉಳಿದು ಬರುವುದು ಅತಿ ಮಂದ್ರವಾದ ಸ್ವರ ಮಾತ್ರ. 1994ರ ಪ್ರಯೋಗವೊಂದರಲ್ಲಿ ಸೆಕೆಂಡಿಗೆ 20ಕ್ಕಿಂತ ಸ್ವಲ್ಪ ಕಡಿಮೆ ಕಂಪನಗಳುಳ್ಳ ಶಬ್ದವನ್ನು ಸ್ವಾಲ್ಬಾರ್ಡಿನ ಉತ್ತರಕ್ಕೆ ಹಿಮದಡಿಯಲ್ಲಿ ಹೊರಡಿಸಿ, ಎರಡು ಸಾವಿರ ಕಿಲೋಮೀಟರಿಗೂ ಆಚೆ, ಬ್ಯೂಫೋರ್ಟ್ ಸಮುದ್ರದಲ್ಲಿ ಅದನ್ನು ಕೇಳಿಸಿಕೊಂಡರು. ಅದು ಬಂದು ತಲಪಿದ ಕಾಲದ ಲೆಕ್ಕದಿಂದ ಉತ್ತರಧ್ರುವ ಸಮುದ್ರದ ನಡು ಆಳದ ನೀರು ಬೆಚ್ಚಗಾಗಿರುವುದನ್ನೂ ಗ್ರಹಿಸಿದರು.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನ ನಮ್ಮ ಮಗ್ಗುಲಲ್ಲಿಯೇ ಉಂಟು. ದೊಡ್ಡಬಳ್ಳಾಪುರದಿಂದ ಉತ್ತರಾಭಿಮುಖವಾಗಿ ಹೋಗುವ ಹೆದ್ದಾರಿಯಲ್ಲಿ ಸಿಗುವ ಗೌರಿಬಿದನೂರಿನ ಬಳಿ, ಭಾರತದ ಪರಮಾಣು ಶಕ್ತಿ ಇಲಾಖೆಯು ಬ್ರಿಟನ್ನಿನ ಸಹಯೋಗದಿಂದ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿತು. ದೇಶದೇಶಾಂತರಗಳಲ್ಲಿ ನಡೆದ ಭೂಕಂಪಗಳನ್ನೂ, ನೆಲದಡಿಯಲ್ಲಿ ಗುಪ್ತವಾಗಿ ಸಿಡಿಸಿದ ಅಣ್ವಸ್ತ್ರಗಳ ಕಂಪನವನ್ನೂ ಗುರುತಿಸುವುದು ಅದರ ಕಾರ್ಯ. ಸಾವಿರಾರು ಕಿಲೋಮೀಟರುಗಳಾಚೆಯ ಕಂಪನವು ಇಲ್ಲಿ ಸ್ಪಷ್ಟವಾಗಿ ತಿಳಿಯಬರುವುದಕ್ಕೆ ಈ ಸೀಮೆಯ ಬಂಡೆಯೂ ಒಂದು ಕಾರಣ: ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ, ತಣಿದು ಬಿಗಿದ, ದೃಢವಾದ ನೈಸ್ ಶಿಲೆ ತರಂಗವನ್ನು ಅತ್ಯಲ್ಪ ನಷ್ಟದಿಂದ ಒಯ್ಯುತ್ತದೆ. ಹಿಮವು ನುಂಗುವುದನ್ನು ಶಿಲೆ ಉಳಿಸಿ ಕಳುಹಿಸುತ್ತದೆ. ಆದುದರಿಂದ ಶಬ್ದದ ಬಾಳು ಎಷ್ಟೆಂಬುದನ್ನು ನಿರ್ಣಯಿಸುವುದು ಶಬ್ದದ ಮೂಲವೊಂದೇ ಅಲ್ಲ. ಅದು ಹಾಯುವ ದೂರ, ಎದುರಿಸುವ ಪದಾರ್ಥ ಇವೂ ಅಷ್ಟೇ ಮುಖ್ಯ. ಈ ಸೂತ್ರವನ್ನು ಕೈಯಲ್ಲಿ ಹಿಡಿದು ನಾವು ಈಗ ನೇಕಾರನ ಮನೆಯೊಳಕ್ಕೆ ಹೋಗಬೇಕು.

ದೊಡ್ಡಬಳ್ಳಾಪುರವು ರೇಷ್ಮೆಯ, ಕೃತಕ ರೇಷ್ಮೆಯ ಸೀರೆಗಳಿಗೆ ನಾಡಿನಲ್ಲೆಲ್ಲ ಹೆಸರಾದ ಊರು. ಪಟ್ಟಣದ ಬೀದಿಗಳಲ್ಲಿಯೂ, ಅಂಚಿನ ದರ್ಗಾಜೋಗಹಳ್ಳಿ, ಕರೇನಹಳ್ಳಿ ಮೊದಲಾದ ಬಡಾವಣೆಗಳಲ್ಲಿಯೂ ಸಾವಿರಾರು ವಿದ್ಯುತ್ ಮಗ್ಗಗಳು ನಡೆಯುತ್ತವೆ. ಇವುಗಳಲ್ಲಿ ಬಹುಪಾಲು ದೊಡ್ಡ ಗಿರಣಿಗಳಲ್ಲಿಲ್ಲ. ಎರಡು, ನಾಲ್ಕು, ಆರು ಮಗ್ಗಗಳ ಸಣ್ಣ ಘಟಕಗಳಾಗಿ ಮನೆಗೆ ಅಂಟಿಕೊಂಡ ಷೆಡ್ಡಿನಲ್ಲಿಯೋ, ಎಷ್ಟೋ ಕಡೆ ಮನೆಯ ನಡುಕೋಣೆಯಲ್ಲಿಯೋ ಇವೆ. ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಒಯ್ಯುವ ಲಾಳಿಯನ್ನು ಒಂದು ಕೋಲು ಈ ಕಡೆಯಿಂದ ಹೊಡೆದಟ್ಟುವುದು, ಆ ಕಡೆಯ ಪೆಟ್ಟಿಗೆ ಅದನ್ನು ಬಡಿದು ನಿಲ್ಲಿಸುವುದು, ಮರುಕ್ಷಣವೇ ಆ ಕಡೆಯ ಕೋಲು ಅದನ್ನು ಹಿಂದಕ್ಕಟ್ಟುವುದು: ಮರ, ಚರ್ಮ, ಕಬ್ಬಿಣಗಳ ಈ ತಾಡನವು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ನಡೆಯುತ್ತದೆ. ಜಗತ್ತಿನ ನಾನಾ ಕಡೆಗಳಲ್ಲಿ ಅಳೆದಿರುವ ಪ್ರಕಾರ ಲಾಳಿಯ ವಿದ್ಯುತ್ ಮಗ್ಗಗಳ ಕೊಠಡಿಯಲ್ಲಿ ಶಬ್ದವು ಸಾಮಾನ್ಯವಾಗಿ 90 ಡೆಸಿಬೆಲ್ಲನ್ನು ಮೀರಿ 100ರ ಸಮೀಪಕ್ಕೆ ಹೋಗುತ್ತದೆ. ಸಾಧಾರಣ ಸಂಭಾಷಣೆಯ ಶಬ್ದ 60 ಡೆಸಿಬೆಲ್; ನಡುವಣ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಸಾವಿರ ಪಟ್ಟಿನಿಂದ ಹತ್ತು ಸಾವಿರ ಪಟ್ಟಿನವರೆಗೆ.

ಕೋಣೆಯು ಬಯಲಲ್ಲವಾದುದರಿಂದ ದೂರದ ನಿಯಮವೂ ಅಲ್ಲಿ ಅರ್ಧದಲ್ಲಿಯೇ ಸೋತುಹೋಗುತ್ತದೆ. ಸಿಮೆಂಟಿನ ಗಾರೆ, ಕಲ್ಲಿನ ನೆಲ, ತಗಡಿನ ಇಲ್ಲವೆ ಕಾಂಕ್ರೀಟಿನ ಚಾವಣಿ ಇವು ಶಬ್ದವನ್ನು ಹೀರುವುದಿಲ್ಲ, ತಿರುಗಿ ಎಸೆಯುತ್ತವೆ. ವಿಜಾಪುರದ ಗೋಳಗುಮ್ಮಟದಲ್ಲಿ ಈ ಅಂಚಿನಲ್ಲಿ ಪಿಸುಗುಟ್ಟಿದ ಮಾತು ಆ ಅಂಚಿನಲ್ಲಿ ಕೇಳಿಸುವುದೂ, ಒಂದು ಚಪ್ಪಾಳೆ ಮತ್ತೆ ಮತ್ತೆ ಮರುಧ್ವನಿಗೊಳ್ಳುವುದೂ ಗೋಡೆಯ ದುಂಡು ಆಕಾರಕ್ಕೆ ಇದೇ ಗಡಸುತನವೂ ಕೂಡಿದ ಕಾರಣದಿಂದ. ಅಲ್ಲಿ ಅದು ವಿನೋದ, ಇಲ್ಲಿ ಅದು ವಿಪತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೆಸ್ ಸ್ಯಾಬಿನ್ ಎಂಬ ಭೌತವಿಜ್ಞಾನಿಯು 1895ರಿಂದ ಆರಂಭಿಸಿ, ಮಾತು ಕೇಳಿಸದಂತಿದ್ದ ಉಪನ್ಯಾಸ ಮಂದಿರವೊಂದರಲ್ಲಿ ರಾತ್ರಿಯ ಹೊತ್ತು ನಾಟಕಶಾಲೆಯ ಮೆತ್ತೆಗಳನ್ನು ತಂದು ಹಾಸಿ ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಶಬ್ದವು ಅಡಗುತ್ತದೆಂಬುದನ್ನು ಅಳೆದು ತೋರಿಸಿದನು. ಅವನ ಸಿದ್ಧಾಂತವನ್ನು ಮಗ್ಗದ ಕೋಣೆಗೆ ಅನ್ವಯಿಸಿದರೆ ಹೊರಡುವ ಫಲವು ಕಠೋರವಾದುದು: ಮಗ್ಗದ ಪಕ್ಕದಲ್ಲಿ ನಿಂತ ನೇಕಾರನಿಗೂ, ಅದೇ ಕೋಣೆಯ ಮೂಲೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಅವನ ಹೆಂಡತಿಗೂ, ಬಾಗಿಲ ಬಳಿಯ ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಬೀಳುವ ಶಬ್ದದಲ್ಲಿ ಹೆಚ್ಚಿನ ಭೇದವಿಲ್ಲ. ಕೂಲಿಗೆ ಬಂದ ನೇಕಾರನು ಪಾಳಿ ಮುಗಿಸಿ ಹೊರಟುಹೋದಾನು, ಗೃಹಿಣಿಗೆ ಪಾಳಿಯೆಂಬುದಿಲ್ಲ. ಅಡುಗೆ, ಊಟ, ಮಕ್ಕಳ ಓದು, ರೋಗಿಗಳ ಶುಶ್ರೂಷೆ ಎಲ್ಲವೂ ಆ ಒಂದೇ ನಾದದೊಳಗೆ ನಡೆಯಬೇಕು.

ಕಿವಿಗೆ ಆಗುವ ಹಾನಿಯ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಏಕೆಂದರೆ ಅದು ನೋವಿಲ್ಲದೆ, ರಕ್ತವಿಲ್ಲದೆ, ಸದ್ದಿಲ್ಲದೆ ಬರುವ ಹಾನಿ. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳು ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುತ್ತವೆ. ಅತಿಶಬ್ದದಿಂದ ಬಳಲಿದ ಕೋಶವು ಆರಂಭದಲ್ಲಿ ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತದೆ. ದಿನದಿನವೂ ಬಳಲಿಸಿದರೆ ಸಾಯುತ್ತದೆ. ಸತ್ತದ್ದು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ನಷ್ಟವಾಗುವುದು ಸೆಕೆಂಡಿಗೆ ಸುಮಾರು 4000 ಕಂಪನಗಳ ಆಸುಪಾಸಿನ ತಾರಸ್ವರಗಳ ಗ್ರಹಣಶಕ್ತಿ. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಶಕ್ತಿ ಮಂದ್ರದಲ್ಲಿಯೂ, ಸಕಾರ ಶಕಾರಗಳಂಥ ವ್ಯಂಜನಗಳ ಗುರುತು ತಾರದಲ್ಲಿಯೂ ಇರುವುದರಿಂದ, ಇಂಥವನಿಗೆ ಯಾರೋ ಮಾತನಾಡುತ್ತಿದ್ದಾರೆಂಬುದು ತಿಳಿಯುತ್ತದೆ, ಏನು ಹೇಳುತ್ತಿದ್ದಾರೆಂಬುದು ತಿಳಿಯುವುದಿಲ್ಲ. ಅವನು ತಾನು ಕಿವುಡನಲ್ಲವೆಂದು ನಂಬಿರುತ್ತಾನೆ. ಮನೆಯವರು ಅವನಿಗೆ ಲಕ್ಷ್ಯವಿಲ್ಲವೆಂದು ದೂರುತ್ತಾರೆ. ಜೊತೆಗೆ, ಮಗ್ಗ ನಿಂತ ಮೇಲೂ ನಿಲ್ಲದೆ ಕಿವಿಯೊಳಗೆ ಗುಂಯ್‌ಗುಡುವ ನಾದವು ಅನೇಕರ ನಿದ್ರೆಯನ್ನು ಅಪಹರಿಸುತ್ತದೆ. ಮಾತು ಕಲಿಯುವ ವಯಸ್ಸಿನ ಮಗುವಿಗಂತೂ ಅಕ್ಷರಗಳೇ ಗದ್ದಲದಲ್ಲಿ ಮುಳುಗಿಹೋಗುತ್ತವೆ.

ಇದು ಊಹೆಯಲ್ಲ. ಗ್ಲಾಸ್ಗೋ ನಗರದ ವೈದ್ಯನಾದ ತಾಮಸ್ ಬಾರ್ 1886ರಲ್ಲಿ ಬಾಯ್ಲರುಗಳನ್ನು ಬಡಿದು ಕಟ್ಟುವ 100 ಮಂದಿ ಕೆಲಸಗಾರರನ್ನು ಪರೀಕ್ಷಿಸಿದಾಗ ಅವರಲ್ಲಿ ಒಬ್ಬನ ಶ್ರವಣಶಕ್ತಿಯೂ ಸಹಜವಾಗಿರಲಿಲ್ಲ. ನೇಕಾರರನ್ನೇ ಕುರಿತು ಹೇಳುವುದಾದರೆ, ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸೆಣಬಿನ ಮಗ್ಗಗಳಲ್ಲಿ ದುಡಿಯುತ್ತಿದ್ದ ಮಹಿಳೆಯರನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನವು, ಕಿವಿಯ ನಷ್ಟದ ಬಹುಭಾಗವು ಕೆಲಸಕ್ಕೆ ಸೇರಿದ ಮೊದಲ ಹತ್ತು ಹದಿನೈದು ವರ್ಷಗಳಲ್ಲಿಯೇ ಆಗಿಹೋಗುತ್ತದೆಂದು ತೋರಿಸಿತು. ಲ್ಯಾಂಕಾಷೈರಿನ ಹತ್ತಿಗಿರಣಿಗಳಲ್ಲಿ ನೇಕಾರ್ತಿಯರು ತುಟಿಯ ಚಲನೆಯಿಂದಲೇ ಮಾತನಾಡುವ ಪದ್ಧತಿಯೊಂದನ್ನು ಬೆಳೆಸಿಕೊಂಡಿದ್ದರು. ನಮ್ಮ ಮಗ್ಗದ ಮನೆಗಳಲ್ಲಿಯೂ ಕೈಸನ್ನೆ, ಕಣ್ಸನ್ನೆಗಳಿಂದ ಅರ್ಧ ಸಂಸಾರ ನಡೆಯುವುದನ್ನು ಆ ಕಡೆ ಹೋಗಿಬಂದವರೆಲ್ಲ ಬಲ್ಲರು. ಇಪ್ಪತ್ತರ ಪ್ರಾಯದಲ್ಲಿ ಮಗ್ಗಕ್ಕೆ ನಿಂತವನು ಮೂವತ್ತೈದರೊಳಗೆ ಕಿವಿಯ ಬಲವನ್ನು ಕಳೆದುಕೊಳ್ಳುವನೆಂದಾದರೆ, ರಕ್ಷಣೆಯನ್ನು ಮುಪ್ಪಿನವರೆಗೆ ಮುಂದೂಡುವುದು ನಿರರ್ಥಕ. ಅದು ಮೊದಲ ದಿನದಿಂದಲೇ ದೊರೆಯಬೇಕು.

ಹಾಗಾದರೆ ಕಾನೂನು ಏನು ಮಾಡುತ್ತಿದೆ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲನ್ನು ಮೀರತಕ್ಕದ್ದಲ್ಲ. ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70. ಆದರೆ ಈ ಮಿತಿಗಳು ಬೀದಿಯ, ಬಡಾವಣೆಯ ವಾತಾವರಣವನ್ನು ಕುರಿತವು. ಒಬ್ಬನ ಮನೆಯೊಳಗೆ ಅವನದೇ ಕಿವಿಗೆ ಬೀಳುವ ಶಬ್ದವನ್ನು ಅವು ವಿಚಾರಿಸುವುದಿಲ್ಲ. ಕೆಲಸಗಾರನ ಕಿವಿಯನ್ನು ವಿಚಾರಿಸತಕ್ಕದ್ದು ಕಾರ್ಖಾನೆಗಳ ಕಾನೂನು. 1948ರ ಕಾಯಿದೆಯ ಅನುಸೂಚಿಯಲ್ಲಿ ಶಬ್ದದಿಂದ ಬರುವ ಕಿವುಡುತನವು ವರದಿಮಾಡಲೇಬೇಕಾದ ವೃತ್ತಿರೋಗಗಳಲ್ಲೊಂದಾಗಿ ಸೇರಿತ್ತು. ಎಂಟು ಗಂಟೆಯ ದುಡಿಮೆಗೆ 90 ಡೆಸಿಬೆಲ್, 95 ಆದರೆ ನಾಲ್ಕು ಗಂಟೆ, 100 ಆದರೆ ಎರಡೇ ಗಂಟೆ ಎಂಬ ಮಿತಿಯೂ ಕಾರ್ಖಾನೆಗಳಿಗೆ ಬಳಕೆಯಲ್ಲಿದೆ. ಇಷ್ಟಾದರೂ, ವಿದ್ಯುಚ್ಛಕ್ತಿ ಬಳಸುವೆಡೆ ಹತ್ತು ಮಂದಿಯಾದರೂ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆಯೆಂದು ಆ ಕಾಯಿದೆ ಎಣಿಸಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ನಾಲ್ಕು ಮಗ್ಗಗಳ ಮನೆಯಲ್ಲಿ ಗಂಡ, ಹೆಂಡತಿ, ಒಬ್ಬ ಕೂಲಿ ನೇಕಾರ ದುಡಿಯುತ್ತಿದ್ದರೆ ಅದು ಯಾವ ಲೆಕ್ಕದಿಂದಲೂ ಕಾರ್ಖಾನೆಯಲ್ಲ. ಶಬ್ದವು ಕಾರ್ಖಾನೆಯದೇ, ಕಿವಿ ಮಾತ್ರ ಕಾನೂನಿನ ಕಣ್ಣಿಗೆ ಕಾರ್ಮಿಕನದಲ್ಲ. ಹಾನಿಯಾದ ಮೇಲಾದರೂ ಆಸರೆಯುಂಟೆ ಎಂದರೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ಲಿನ ನಷ್ಟವಾದ ಮೇಲೆಯೇ ಶ್ರವಣದೋಷವುಳ್ಳವನೆಂದು ಪರಿಗಣಿಸುತ್ತದೆ. 40 ಡೆಸಿಬೆಲ್ಲನ್ನು ಕಳೆದುಕೊಂಡು, ಮಗಳ ಮಾತು ತಿಳಿಯದೆ, ಸಭೆ ಸಮಾರಂಭಗಳಿಗೆ ಹೋಗಲು ಹಿಂಜರಿದು ಕುಳಿತ ನೇಕಾರನಿಗೆ ಅಲ್ಲಿಯೂ ಸ್ಥಾನವಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಶಬ್ದವನ್ನು ನಾವು ಎಷ್ಟು ಬೇರೆಯಾಗಿ ಕಂಡಿದ್ದೇವೆಂಬುದನ್ನು ನೋಡಿದರೆ ಈ ಉಪೇಕ್ಷೆಯು ಇನ್ನಷ್ಟು ಸ್ಪಷ್ಟವಾಗುತ್ತದೆ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನನಿಲ್ದಾಣವು ಆರಂಭವಾಯಿತು. 2019ರಲ್ಲಿ ಅದಕ್ಕೆ ಎರಡನೆಯ ಓಡುದಾರಿಯೂ ಕೂಡಿತು. ಸುತ್ತಣ ಹಳ್ಳಿಗಳವರಿಗೆ ವಿಮಾನದ ಆರ್ಭಟವು ನಿತ್ಯದ ಬಾಧೆ. ಮಾಗಿಯ ರಾತ್ರಿಗಳಲ್ಲಂತೂ ನೆಲವು ತಣಿದು, ಅದನ್ನು ತಾಗಿದ ಗಾಳಿಯು ಮೇಲಣ ಗಾಳಿಗಿಂತ ತಂಪಾಗಿ, ಶಬ್ದತರಂಗವು ಆಕಾಶಕ್ಕೆ ಏರಿಹೋಗದೆ ನೆಲದತ್ತ ಬಾಗುವುದರಿಂದ ಆ ಆರ್ಭಟವು ಬಹುದೂರದವರೆಗೆ ಕೇಳಿಬರುತ್ತದೆ. ಹೊಸಕೋಟೆಯನ್ನೂ ನೆಲಮಂಗಲವನ್ನೂ ಸೀಳಿಕೊಂಡು ಹೋಗುವ ಹೆದ್ದಾರಿಗಳ ಶಬ್ದವು ಒಂದು ಬಿಂದುವಿನಿಂದಲ್ಲದೆ ಒಂದು ರೇಖೆಯುದ್ದಕ್ಕೂ ಹುಟ್ಟುವುದರಿಂದ, ದೂರವು ಇಮ್ಮಡಿಯಾದರೂ 3 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಇವುಗಳಿಂದ ಬಳಲುವವರ ಕಷ್ಟವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆದರೆ ವಿಮಾನನಿಲ್ದಾಣಗಳ ಶಬ್ದಕ್ಕೆ ಕೇಂದ್ರ ಸರ್ಕಾರವು 2018ರಲ್ಲಿ ಪ್ರತ್ಯೇಕ ಮಾನಗಳನ್ನು ಪ್ರಕಟಿಸಿದೆ. ಅಳೆಯುವವರಿದ್ದಾರೆ, ಆಕ್ಷೇಪಿಸುವವರಿದ್ದಾರೆ, ಉತ್ತರ ಹೇಳಬೇಕಾದವರಿದ್ದಾರೆ. ಮಗ್ಗದ ಮನೆಯ ಶಬ್ದಕ್ಕೆ ಇವರಾರೂ ಇಲ್ಲ. ಅದನ್ನು ಹೊರಡಿಸುವವನೂ ಅನುಭವಿಸುವವನೂ ಒಬ್ಬನೇ ಆಗಿರುವುದರಿಂದ ದೂರು ಕೊಡುವುದಕ್ಕೇ ದಾರಿಯಿಲ್ಲವಾಗಿದೆ.

ಈ ಮಾತಿಗೆ ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ, ಅದು ಗೌರವಾರ್ಹವಾದುದೆಂದೂ ಒಪ್ಪುತ್ತೇನೆ. ನೂಲಿನ ಬೆಲೆ ಏರುತ್ತಿದೆ, ಸೂರತ್ತಿನ ಅಗ್ಗದ ಸೀರೆಗಳು ಮಾರುಕಟ್ಟೆಯನ್ನು ತುಂಬುತ್ತಿವೆ, ಕೂಲಿ ಗಿಟ್ಟುತ್ತಿಲ್ಲ. ಹೊಟ್ಟೆಯ ಚಿಂತೆಯಲ್ಲಿರುವವನಿಗೆ ಕಿವಿಯ ಚಿಂತೆಯನ್ನು ಬೋಧಿಸುವುದು ನ್ಯಾಯವೆ ಎಂದು ಕೇಳುವವರುಂಟು. ನಿಯಮವೊಂದನ್ನು ತಂದು, ಅದನ್ನು ಹಿಡಿದು ಅಧಿಕಾರಿಗಳು ಮನೆಮನೆಗೆ ಹೋಗಿ ದಂಡ ವಿಧಿಸತೊಡಗಿದರೆ ನೇಕಾರಿಕೆಯೇ ಮುಳುಗಿಹೋದೀತೆಂಬ ಭಯವೂ ನಿರಾಧಾರವಲ್ಲ. ಆದುದರಿಂದಲೇ ನಾನು ದಂಡವನ್ನಾಗಲಿ ನಿಷೇಧವನ್ನಾಗಲಿ ಕೇಳುತ್ತಿಲ್ಲ, ಸಹಾಯವನ್ನು ಕೇಳುತ್ತಿದ್ದೇನೆ. ಕಿವಿಯನ್ನು ಕಳೆದುಕೊಂಡ ನೇಕಾರನು ಹೊಟ್ಟೆಯ ದಾರಿಯನ್ನೂ ಕಳೆದುಕೊಳ್ಳುತ್ತಾನೆ: ಎಳೆ ಹರಿದುದನ್ನೂ, ಲಾಳಿ ತಪ್ಪಿದುದನ್ನೂ, ಯಂತ್ರದ ಅಪಸ್ವರವನ್ನೂ ಅವನು ಅರಿಯುವುದು ಬಹುಮಟ್ಟಿಗೆ ಕಿವಿಯಿಂದಲೇ, ಮಗ್ಗವನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕಾಗಿ ಬಂದರೆ ಅಲ್ಲಿಯೂ ಮಾತು ತಿಳಿಯದವನಿಗೆ ಸ್ಥಾನ ದುರ್ಲಭ. ಕಿವಿಯ ರಕ್ಷಣೆಯು ಜೀವನೋಪಾಯದ ರಕ್ಷಣೆಯೇ ಆಗಿದೆ.

ಮಾಡತಕ್ಕದ್ದೇನೆಂಬುದನ್ನು ಶಬ್ದಶಾಸ್ತ್ರವೇ ತಿಳಿಸಿಕೊಡುತ್ತದೆ. ದೂರವನ್ನು ಕೊಡಲಾಗದಿದ್ದರೆ ಪದಾರ್ಥವನ್ನು ಕೊಡಬೇಕು. ಭಾರವಾದ ಗೋಡೆಯು ಶಬ್ದವನ್ನು ತಡೆಯುತ್ತದೆ. ಗೋಡೆಯ ತೂಕವು ಇಮ್ಮಡಿಯಾದರೆ ತಡೆಯು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಎರಡೂ ಕಡೆ ಗಾರೆ ಮಾಡಿದ ಒಂಬತ್ತಂಗುಲದ ಇಟ್ಟಿಗೆಯ ಗೋಡೆ 40 ಡೆಸಿಬೆಲ್ಲಿಗೂ ಹೆಚ್ಚಾಗಿ ತಗ್ಗಿಸಬಲ್ಲದು. ಆದರೆ ಆ ಗೋಡೆಯ ವಿಸ್ತಾರದಲ್ಲಿ ನೂರರಲ್ಲಿ ಒಂದಂಶ ತೆರೆದಿದ್ದರೂ ತಡೆಯು 20 ಡೆಸಿಬೆಲ್ಲಿಗೆ ಇಳಿದುಹೋಗುತ್ತದೆಂಬುದನ್ನು ಮರೆಯಬಾರದು. ಬಾಗಿಲ ಸಂದು, ಚಾವಣಿಯ ಕೆಳಗಣ ಕಿಂಡಿ ಇವೇ ಶಬ್ದದ ರಾಜಮಾರ್ಗಗಳು. ಆದುದರಿಂದ ಮಗ್ಗದ ಕೋಣೆಗೂ ವಾಸದ ಕೋಣೆಗೂ ನಡುವೆ ಪೂರ್ತಿ ಎತ್ತರದ ಇಟ್ಟಿಗೆಯ ಗೋಡೆ, ಬಿಗಿಯಾಗಿ ಮುಚ್ಚುವ ದಪ್ಪ ಬಾಗಿಲು, ಗಾಳಿಬೆಳಕುಗಳಿಗೆ ಮನೆಯ ಕಡೆಯಲ್ಲದ, ಬೇರೆ ದಿಕ್ಕಿನ ಕಿಟಕಿ: ಇಷ್ಟನ್ನು ಮಾಡಿದರೆ ಹೆಂಗಸರನ್ನೂ ಮಕ್ಕಳನ್ನೂ ರಕ್ಷಿಸಿದಂತಾಗುತ್ತದೆ. ಮಗ್ಗದ ಕಾಲುಗಳ ಕೆಳಗೆ ರಬ್ಬರಿನ ಮೆತ್ತೆ ಹಾಕಿದರೆ ನೆಲದ ಮೂಲಕ ಪಕ್ಕದ ಮನೆಗೆ ಹರಿಯುವ ಅದುರಾಟ ತಗ್ಗುತ್ತದೆ. ಚಾವಣಿಗೆ, ಬೆಂಕಿ ಹತ್ತದಂತೆ ಸಂಸ್ಕರಿಸಿದ ತೆಂಗಿನ ನಾರಿನ ಹಲಗೆಯಂಥ ಹೀರುವ ಪದಾರ್ಥವನ್ನು ಹೊಂದಿಸಿದರೆ ಕೋಣೆಯ ಮರುಧ್ವನಿಯಲ್ಲಿ ಮೂರು ನಾಲ್ಕು ಡೆಸಿಬೆಲ್ಲುಗಳಾದರೂ ಕಳೆಯುತ್ತವೆ. 3 ಡೆಸಿಬೆಲ್ ಕಳೆದರೆ ಕಿವಿಗೆ ಬೀಳುವ ಶಕ್ತಿ ಅರ್ಧವಾಯಿತೆಂಬುದನ್ನು ಮೇಲೆಯೇ ನೋಡಿದ್ದೇವೆ.

ಮಗ್ಗದ ಮುಂದೆಯೇ ನಿಲ್ಲಬೇಕಾದವನಿಗೆ ಗೋಡೆ ನೆರವಾಗದು; ಅವನಿಗೆ ಕಿವಿಯ ಬಾಗಿಲಲ್ಲಿಯೇ ತಡೆ ಬೇಕು. ಸರಿಯಾಗಿ ಸುರುಳಿಮಾಡಿ ಒಳಸೇರಿಸಿದ ಸ್ಪಂಜಿನ ಕಿವಿಬಿರಡೆ 15ರಿಂದ 20 ಡೆಸಿಬೆಲ್ ತಗ್ಗಿಸುತ್ತದೆ. ಬೆಲೆ ಕೆಲವೇ ರೂಪಾಯಿ. ಅರಳೆಯನ್ನು ತುರುಕಿಕೊಳ್ಳುವ ರೂಢಿಯಿಂದ ಇಂಥ ಪ್ರಯೋಜನವಿಲ್ಲವೆಂಬುದನ್ನು ನೇಕಾರರಿಗೆ ತಿಳಿಸಿಹೇಳಬೇಕು. ಬಿರಡೆಯನ್ನು ಹಂಚಿದರೆ ಸಾಲದು, ಹಾಕಿಕೊಳ್ಳುವ ಕ್ರಮವನ್ನು ಕಲಿಸಬೇಕು. ಅರ್ಧ ಹೊತ್ತು ತೆಗೆದಿಟ್ಟರೆ ಪ್ರಯೋಜನದ ಬಹುಭಾಗವು ನಷ್ಟವಾಗುತ್ತದೆ. ಇದರೊಡನೆ ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ನಡೆಯಬೇಕು. ಗೌರಿಬಿದನೂರಿನ ಮಾಪಕಗಳು ಹುಟ್ಟಿದ ಅದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ದೇಶಕ್ಕೇ ಮೇಲ್ಪಂಕ್ತಿಯಾದ ಆ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಕಿವುಡುತನದ ನಿವಾರಣೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವೊಂದೂ ನಡೆಯುತ್ತಿದೆ. ಶಬ್ದವಿಜ್ಞಾನವನ್ನು ಬಲ್ಲ ಸಂಶೋಧನಾಲಯಗಳು ಬೆಂಗಳೂರಿನಲ್ಲಿ ಹಲವು. ಇವುಗಳ ವಿದ್ಯೆಯು ದೊಡ್ಡಬಳ್ಳಾಪುರದವರೆಗಿನ ನಲವತ್ತು ಕಿಲೋಮೀಟರುಗಳನ್ನು ದಾಟಿ ಬರಲಾರದೆಂದು ಯಾರು ಹೇಳಿಯಾರು?

ಸರ್ಕಾರವು ನೇಕಾರರಿಗೆ ಏನನ್ನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಮಗ್ಗಗಳಿಗೆ ರಿಯಾಯಿತಿಯ ವಿದ್ಯುತ್ತು, ಹೊಸ ಯಂತ್ರಗಳಿಗೆ ಸಹಾಯಧನ, ನೇಕಾರ ಕುಟುಂಬಗಳಿಗೆ ನೆರವು ಇವೆಲ್ಲ ಉಂಟು. ಆ ಸಹಾಯವೆಲ್ಲವೂ ಮಗ್ಗವು ಓಡುವುದಕ್ಕೆ ಅನುಕೂಲ; ಮಗ್ಗವನ್ನು ಓಡಿಸುವವನ ದೇಹಕ್ಕೆ ಅದರಲ್ಲಿ ಪಾಲು ಬರಲಿ ಎಂಬುದಷ್ಟೇ ನನ್ನ ಬಿನ್ನಹ. ಮಗ್ಗಕ್ಕೆ ಸಹಾಯಧನ ಕೊಡುವಾಗ ಅದರೊಳಗೇ ನಡುಗೋಡೆಯ, ಬಾಗಿಲಿನ, ಚಾವಣಿಯ ಹೊದಿಕೆಯ ವೆಚ್ಚವನ್ನು ಸೇರಿಸಬಹುದು. ಲಾಳಿಯ ಬಡಿತವಿಲ್ಲದ ಹೊಸ ಬಗೆಯ ಮಗ್ಗಗಳಿಗೆ ನೆರವು ಕೊಡುವಾಗ ಶಬ್ದವು ಎಷ್ಟು ಕಡಿಮೆಯೆಂಬುದನ್ನೂ ಒಂದು ಅರ್ಹತೆಯಾಗಿ ಎಣಿಸಬಹುದು. ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ, ವಿದ್ಯುತ್ ಮಗ್ಗವಿರುವ ಪ್ರತಿಯೊಂದು ಮನೆಯನ್ನೂ ಶ್ರವಣರಕ್ಷಣೆಯ ಮಟ್ಟಿಗೆ ದುಡಿಮೆಯ ಸ್ಥಳವೆಂದು ಪರಿಗಣಿಸುವ ನಿಯಮವನ್ನು, ದಂಡದ ಉದ್ದೇಶದಿಂದಲ್ಲದೆ ಸೌಲಭ್ಯದ ಉದ್ದೇಶದಿಂದ, ರಾಜ್ಯವು ರಚಿಸಬಹುದು. ನೇಕಾರರ ಸಂಘಗಳು ಕೂಲಿಯ ದರವನ್ನು ಕುರಿತು ಹೋರಾಡುವ ಅದೇ ನಿಷ್ಠೆಯಿಂದ ಕಿವಿಯನ್ನು ಕುರಿತೂ ಬೇಡಿಕೆಯನ್ನಿಡಬೇಕು. ಅವರು ಕೇಳದಿದ್ದರೆ ಅವರ ಪರವಾಗಿ ಕೇಳುವವರು ವಿರಳ.

ಸೀರೆಯನ್ನು ಉಡುವವರಿಗೂ, ಕೊಳ್ಳುವವರಿಗೂ, ಮಾರುವವರಿಗೂ ಈ ವಿಷಯದಲ್ಲಿ ಹೊಣೆಯುಂಟು. ದೊಡ್ಡಬಳ್ಳಾಪುರದ ಸೀರೆ ನಾಡಿನ ಮದುವೆ ಮುಂಜಿಗಳಿಗೆಲ್ಲ ಶೋಭೆಯನ್ನು ತಂದಿದೆ. ಅದನ್ನು ನೇಯ್ದವರು ಆ ಮದುವೆಯ ವಾಲಗವನ್ನು ಕೇಳಲಾರದಂತಾಗುವುದು ಯಾವ ನ್ಯಾಯಕ್ಕೂ ಒಪ್ಪತಕ್ಕದ್ದಲ್ಲ. ಬರುವ ಆಯವ್ಯಯದಲ್ಲಿ ಜವಳಿ ಇಲಾಖೆಯ ಲೆಕ್ಕದೊಳಗೆ ನೇಕಾರ ಕುಟುಂಬಗಳ ಶ್ರವಣರಕ್ಷಣೆಗೆಂದು ಪ್ರತ್ಯೇಕವಾದ ಒಂದು ಬಾಬನ್ನು ಸರ್ಕಾರವು ತೆರೆಯಲಿ. ಅದರ ಮೊದಲ ಶಿಬಿರವು ದೊಡ್ಡಬಳ್ಳಾಪುರದಲ್ಲಿಯೇ ನಡೆಯಲಿ. ಅಲ್ಲಿಯವರೆಗೆ ಕಾಯದೆ, ಮಗ್ಗದ ಮನೆಯ ಹಿರಿಯರು ಇಂದೇ ಒಂದು ಕೆಲಸವನ್ನು ಮಾಡಬಹುದು: ತೊಟ್ಟಿಲನ್ನೂ ಮಕ್ಕಳ ಪುಸ್ತಕಗಳನ್ನೂ ಮಗ್ಗದ ಕೋಣೆಯಿಂದ ಹೊರಕ್ಕೆ ತಂದು, ನಡುವಣ ಬಾಗಿಲನ್ನು ಮುಚ್ಚಬಹುದು.